ಡ್ರೈವರ್ ಬದಲಿಸಲು ಆಷಾಢ ಒಳ್ಳೆಯದು

(ತುಮಕೂರಿನಲ್ಲಿ ಫೋಟೊ ಸ್ಟುಡಿಯೊ, ವಿಡಿಯೊ ಎಡಿಟಿಂಗ್, ಡಿಟಿಪಿ ಮತ್ತು ಫ್ಲೆಕ್ಸ್ ಅಂಗಡಿಯವರ ಮುಂದೆ ಆಡಿದ ಮಾತುಗಳ ಬರಹ ರೂಪ)

ಯಾವ ಗ್ರಾಫಿಕ್ಸ್ ಕಾರ್ಡ್ ತಗೋಬೇಕು ಹೇಳಿ ಅಂತ ನನ್ನನ್ನು ಕರೆದಿರಿ. ಅದನ್ನು ಹೇಳುವವರು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಂಗಡಿಗೊಬ್ಬರು ಸಿಗುತ್ತಾರೆ. ನಾನು ಮಾತಾಡುವುದು ನಿಮ್ಮ ಟೇಬಲ್ ಕೆಳಗೆ ಈಗಾಗಲೇ ಇರುವ ಕಾರ್ಡಿನ ಬಗ್ಗೆ. ಅದರಲ್ಲೂ ಅದರ ಡ್ರೈವರ್ ಬಗ್ಗೆ, ಅಂದರೆ ತೆರೆಗೆ ಚಿತ್ರ ಕೊಡುವ ಆ ಕಾರ್ಡಿಗೂ ವಿಂಡೋಸಿಗೂ ನಡುವೆ ಮಾತು ದಾಟಿಸುವ ಸಾಫ್ಟ್‌ವೇರ್ ಬಗ್ಗೆ. ಸರ್ವೀಸಿಗೆ ಬರುವ ಸಿಸ್ಟಮ್‌ಗಳಲ್ಲಿ ಕಾರ್ಡೇ ಸುಟ್ಟಿರುವುದು ಅಪರೂಪ. ಡ್ರೈವರ್ ಕೆಟ್ಟಿರುತ್ತದೆ, ಇಲ್ಲವೇ ಡ್ರೈವರ್ ಕೆಟ್ಟಿದೆ ಎಂದು ಯಾರೋ ಹೇಳಿ ಎಲ್ಲವನ್ನೂ ಫಾರ್ಮ್ಯಾಟ್ ಮಾಡಿಸಿರುತ್ತಾರೆ.

ಮದುವೆ ಸೀಸನ್ನಿನಲ್ಲಿ ಬರುವ ಫೋನುಗಳು ಹೆಚ್ಚುಕಡಿಮೆ ಒಂದೇ ಥರ ಶುರುವಾಗುತ್ತವೆ. "ಅಣ್ಣಾ, ಏನೂ ಮಾಡಿಲ್ಲ. ಎಕ್ಸ್‌ಪೋರ್ಟ್‌ಗೆ ಹಾಕಿ ಊಟಕ್ಕೆ ಹೋಗಿದ್ದೆ, ಬಂದು ನೋಡಿದ್ರೆ ಸ್ಕ್ರೀನ್ ಕಪ್ಪಗಿದೆ." ನಿಜವಾಗಲೂ ಏನೂ ಮಾಡಿಲ್ವಾ ಅಂತ ಎರಡನೇ ಸಲ ಕೇಳಿದರೆ, "ಮೂಲೇಲಿ ಏನೋ ಅಪ್‌ಡೇಟ್ ಅಂತ ಬಂತು, ಓಕೆ ಕೊಟ್ಟೆ" ಅನ್ನುತ್ತಾರೆ. ಶನಿವಾರ ಸಂಜೆ ಆರತಕ್ಷತೆ, ಎಲ್‌ಇಡಿ ವಾಲ್ ಮೇಲೆ ಪ್ರೀ-ವೆಡ್ಡಿಂಗ್ ಹಾಡು ಓಡಬೇಕು. ಶುಕ್ರವಾರ ರಾತ್ರಿ ಓಕೆ ಕೊಟ್ಟಿರುತ್ತಾರೆ. ಆ ಅಪ್‌ಡೇಟ್ ಕೆಟ್ಟದ್ದೇ ಆಗಿರಬೇಕಿಲ್ಲ, ಒತ್ತಿದ ದಿನ ಕೆಟ್ಟದ್ದು. ನನ್ನ ವಾದ ಇಷ್ಟೇ: ಡ್ರೈವರನ್ನು ಕಂಪನಿಯ ಬಿಡುಗಡೆ ದಿನಾಂಕ ನೋಡಿ ಹಾಕಬೇಡಿ, ನಿಮ್ಮ ಕೆಲಸದ ಪಂಚಾಂಗ ನೋಡಿ ಹಾಕಿ.

ಮೊದಲು, ಒಂದು ಡ್ರೈವರ್ ತಪ್ಪಿದರೆ ಇಡೀ ಸಿಸ್ಟಮ್ ಯಾಕೆ ಕೈಕೊಡುತ್ತದೆ ಅನ್ನುವುದು ಗೊತ್ತಿರಲಿ. ನೀವು ಬಳಸುವ ಫೋಟೊಶಾಪ್, ವಿಡಿಯೊ ಎಡಿಟ್ ಮಾಡುವ ಎಡಿಯಸ್, ರಿಸಾಲ್ವ್ ಎಲ್ಲ ವಿಂಡೋಸಿನ ಮೇಲ್ಪದರದಲ್ಲಿ ಓಡುತ್ತವೆ. ಒಂದು ಬಿದ್ದರೆ ಅದೊಂದೇ ಮುಚ್ಚಿಕೊಳ್ಳುತ್ತದೆ. ಗ್ರಾಫಿಕ್ಸ್ ಡ್ರೈವರಿನ ಒಂದು ಭಾಗ ಮಾತ್ರ ವಿಂಡೋಸಿನ ತಿರುಳಾದ ಕರ್ನಲ್ ಒಳಗೇ ಕೂತಿರುತ್ತದೆ, ಮೆಮೊರಿಗೂ ಹಾರ್ಡ್‌ವೇರಿಗೂ ನೇರ ಕೈಹಾಕುತ್ತದೆ. ಅಲ್ಲಿ ತಪ್ಪಾದರೆ ನೀಲಿ ಸ್ಕ್ರೀನೇ ಗತಿ. 2024ರ ಜುಲೈ 19ರಂದು ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟದ್ದು ನೆನಪಿದೆಯಾ? ಅದು ಗ್ರಾಫಿಕ್ಸ್ ಡ್ರೈವರ್ ಅಲ್ಲ, ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯದು. ಆದರೆ ಅದೂ ಕರ್ನಲ್ ಒಳಗೆ ಕೂತ ಡ್ರೈವರೇ. ಒಂದು ತಪ್ಪು ಅಪ್‌ಡೇಟ್ ಕಡತಕ್ಕೆ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ಮಲಗಿದವು ಎಂದು ಮೈಕ್ರೋಸಾಫ್ಟ್ ಹೇಳಿತು.

ಗ್ರಾಫಿಕ್ಸ್ ವಿಷಯದಲ್ಲೂ ಇಂಥದ್ದೊಂದು ಕಾಲ ಇತ್ತು. ವಿಂಡೋಸ್ ವಿಸ್ತಾ ಬಂದಾಗ ಡ್ರೈವರ್ ಬರೆಯುವ ಪದ್ಧತಿಯನ್ನೇ ಮೈಕ್ರೋಸಾಫ್ಟ್ ಬದಲಿಸಿತು. ಕಾರ್ಡ್ ಕಂಪನಿಗಳು ಅದಕ್ಕೆ ತಯಾರಾಗಿರಲಿಲ್ಲ. ಆಮೇಲೆ ಅಮೆರಿಕದ ಕೋರ್ಟ್ ಕೇಸೊಂದರಲ್ಲಿ ಮೈಕ್ರೋಸಾಫ್ಟಿನ ಒಳಗಿನ ಇಮೇಲುಗಳು ಹೊರಬಿದ್ದವು. 2007ರಲ್ಲಿ ದಾಖಲಾದ ವಿಸ್ತಾ ಕ್ರ್ಯಾಶ್‌ಗಳ ಒಂದು ಲೆಕ್ಕ ಅದರಲ್ಲಿತ್ತು. ಅದರ ಪ್ರಕಾರ ಶೇ 28.8ರಷ್ಟು ಕ್ರ್ಯಾಶ್‌ಗಳಿಗೆ ಗ್ರಾಫಿಕ್ಸ್ ಚಿಪ್ ಕಂಪನಿ ಎನ್ವಿಡಿಯಾದ ಡ್ರೈವರ್ ಕಾರಣ, ಸ್ವತಃ ಮೈಕ್ರೋಸಾಫ್ಟಿನ ಪಾಲು ಶೇ 17.9. ಆದರೆ ಅದೇ ವಿಸ್ತಾ ನಮಗೆ ಒಂದು ಒಳ್ಳೆಯದನ್ನೂ ಮಾಡಿಕೊಟ್ಟಿತು. ಡ್ರೈವರನ್ನು ಎರಡು ಭಾಗ ಮಾಡಿ ದೊಡ್ಡ ಪಾಲನ್ನು ಕರ್ನಲ್‌ನಿಂದ ಆಚೆ ಇಟ್ಟಿತು. ಕಾರ್ಡ್ 2 ಸೆಕೆಂಡಿನೊಳಗೆ ಉತ್ತರ ಕೊಡದಿದ್ದರೆ ವಿಂಡೋಸೇ ಕಾರ್ಡನ್ನು ರೀಸೆಟ್ ಮಾಡುವ ಏರ್ಪಾಡನ್ನೂ ತಂದಿತು. ಸ್ಕ್ರೀನ್ ಒಂದು ಕ್ಷಣ ಕಪ್ಪಾಗಿ ಮತ್ತೆ ಬಂದು, 'ಡಿಸ್‌ಪ್ಲೇ ಡ್ರೈವರ್ ನಿಂತುಹೋಗಿತ್ತು, ಸರಿಹೋಗಿದೆ' ಎಂಬರ್ಥದ ಸಂದೇಶ ಬರುತ್ತಿತ್ತಲ್ಲ, ಅದೇ ಇದು. ಈ ಏರ್ಪಾಡಿಗೆ ಟಿಡಿಆರ್ ಅನ್ನುತ್ತಾರೆ. ರೀಸೆಟ್ ಮಾಡಿದರೂ ಕಾರ್ಡ್ ಏಳದಿದ್ದಾಗ ಬರುವ ನೀಲಿ ಸ್ಕ್ರೀನಿನಲ್ಲಿ 'ವಿಡಿಯೊ ಟಿಡಿಆರ್ ಫೇಲ್ಯೂರ್' ಎಂದಿರುತ್ತದೆ. ಮುಂದಿನ ಸಲ ನನಗೆ ಫೋನ್ ಮಾಡುವ ಮುಂಚೆ ಆ ಸ್ಕ್ರೀನಿನ ಫೋಟೊ ತೆಗೆದುಕೊಳ್ಳಿ. ಕ್ಯಾಮೆರಾ ನಿಮ್ಮ ಕೈಯಲ್ಲೇ ಇರುತ್ತದೆ, ಆದರೂ ಯಾರೂ ತೆಗೆಯುವುದಿಲ್ಲ.

ಹಾಗೆಯೇ ಒಂದು ಕೀಲಿಕೂಟ ಬರೆದಿಟ್ಟುಕೊಳ್ಳಿ. ಸ್ಕ್ರೀನ್ ಕಪ್ಪಾಗಿದೆ, ಆದರೆ ಒಳಗೆ ಹಾಡು ಓಡುತ್ತಿದೆ ಅಂದರೆ ತಕ್ಷಣ ಪವರ್ ಬಟನ್ ಒತ್ತಬೇಡಿ. ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಒಂದು ಬೀಪ್ ಬಂದು ಗ್ರಾಫಿಕ್ಸ್ ಡ್ರೈವರ್ ಮತ್ತೆ ಶುರುವಾಗುತ್ತದೆ. ಎಷ್ಟೋ ಸಲ ತೆರೆದಿದ್ದ ಪ್ರಾಜೆಕ್ಟ್ ಹಾಗೇ ಉಳಿದಿರುತ್ತದೆ.

ಇನ್ನು ಸ್ವಲ್ಪ ನಿಧಾನವಾಗಿ ಹೇಳಬೇಕಾದ ವಿಷಯ. ಸ್ಕ್ರೀನ್ ಕಪ್ಪಾದದ್ದೆಲ್ಲ ಡ್ರೈವರಿನ ತಪ್ಪಲ್ಲ. ಇದಕ್ಕೆ ಇತ್ತೀಚಿನ ದೊಡ್ಡ ಸಾಕ್ಷಿ ಇಂಟೆಲಿನ 13 ಮತ್ತು 14ನೇ ಪೀಳಿಗೆಯ ಪ್ರೊಸೆಸರುಗಳು. ಅವುಗಳಲ್ಲೂ ಮೇಲ್ದರ್ಜೆಯ ಐ7, ಐ9 ಇದ್ದವರಿಗೆ ದೊಡ್ಡ ಗೇಮ್‌ಗಳು ಆರಂಭದಲ್ಲೇ ಬೀಳುತ್ತಿದ್ದವು. ತೆರೆಯ ಮೇಲೆ ಬರುತ್ತಿದ್ದ ಸಂದೇಶ ಏನು ಗೊತ್ತಾ? ವಿಡಿಯೊ ಮೆಮೊರಿ ಸಾಲದು ಅಂತ. 24 ಜಿಬಿ ಮೆಮೊರಿಯ ಕಾರ್ಡ್ ಇದ್ದವರಿಗೂ ಅದೇ ಸಂದೇಶ! ಜನ ಡ್ರೈವರ್ ತೆಗೆದರು, ಹಾಕಿದರು, ಹಳೆಯದಕ್ಕೆ ಹೋದರು, ಕಾರ್ಡನ್ನೇ ವಾಪಸ್ ಕೊಟ್ಟರು. 2024ರ ಏಪ್ರಿಲ್‌ನಲ್ಲಿ ಎನ್ವಿಡಿಯಾ, ಈ ತೊಂದರೆ ಇದ್ದರೆ ಇಂಟೆಲನ್ನು ಕೇಳಿ ಎಂದಿತು. ಪ್ರೊಸೆಸರಿಗೆ ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಹೋಗುತ್ತಿದೆ ಎಂದು ಜುಲೈನಲ್ಲಿ ಇಂಟೆಲ್ ಒಪ್ಪಿಕೊಂಡಿತು, ಆಗಸ್ಟಿನಲ್ಲಿ ಮದರ್‌ಬೋರ್ಡಿನ ಬಯೋಸ್, ಅಂದರೆ ಸಿಸ್ಟಮ್ ಆನ್ ಆದಾಗ ಮೊದಲು ಓಡುವ ಪ್ರೋಗ್ರಾಂ, ಮೂಲಕ ಪರಿಹಾರ ಬಂತು, ವಾರಂಟಿಯನ್ನೂ 2 ವರ್ಷ ಹೆಚ್ಚಿಸಿದರು. ಆಗಲೇ ಹಾಳಾಗಿದ್ದ ಪ್ರೊಸೆಸರ್ ಆ ಪರಿಹಾರದಿಂದ ಸರಿಹೋಗುವುದಿಲ್ಲ, ಅದನ್ನು ಬದಲಿಸಲೇಬೇಕು. ನಿಮ್ಮಲ್ಲಿ ಯಾರ ಹತ್ತಿರವಾದರೂ ಆ ಪೀಳಿಗೆಯ ಐ7, ಐ9 ಇದ್ದು ಬಯೋಸ್ ಇನ್ನೂ ಹಳೆಯದೇ ಇದ್ದರೆ, ಡ್ರೈವರಿನ ಮಾತು ಪಕ್ಕಕ್ಕಿಟ್ಟು ಮೊದಲು ಅದನ್ನು ನೋಡಿಸಿ.

ಹಾಗಾದರೆ ಯಾವುದು ಡ್ರೈವರ್ ತೊಂದರೆ, ಯಾವುದು ಅಲ್ಲ ಅಂತ ಹೇಗೆ ತಿಳಿಯುವುದು? ವಿಂಡೋಸಿನಲ್ಲಿ ಇವೆಂಟ್ ವ್ಯೂವರ್ ಎಂದು ಒಂದಿದೆ. ಅದರಲ್ಲಿ ಸಿಸ್ಟಮ್ ಅನ್ನುವ ಕಡೆ ಹೋಗಿ, ಸ್ಕ್ರೀನ್ ಹೋದ ಹೊತ್ತಿಗೆ ಸರಿಯಾಗಿ ಏನು ಬರೆದಿದೆ ನೋಡಿ. ಡಿಸ್‌ಪ್ಲೇ ಎಂಬ ಹೆಸರಿನಲ್ಲಿ 4101 ಸಂಖ್ಯೆ ಇದ್ದರೆ ಡ್ರೈವರ್ ನಿಂತು ಎದ್ದಿದೆ ಎಂದರ್ಥ. ಕರ್ನಲ್-ಪವರ್ 41 ಮಾತ್ರ ಇದ್ದು, ನೀಲಿ ಸ್ಕ್ರೀನಿನ ಗುರುತೇ ಇಲ್ಲದಿದ್ದರೆ ಸಿಸ್ಟಮಿಗೆ ಕರೆಂಟೇ ನಿಂತಿರುವ ಸಾಧ್ಯತೆ ಹೆಚ್ಚು. ಆಗ ಸಿಸ್ಟಮಿಗೆ ಕರೆಂಟ್ ಒದಗಿಸುವ ಎಸ್‌ಎಂಪಿಎಸ್ ನೋಡಬೇಕು, ಯುಪಿಎಸ್ ನೋಡಬೇಕು. ಕಾರ್ಡಿಗೆ ಐವತ್ತು ಸಾವಿರ ಹಾಕಿ ಎಸ್‌ಎಂಪಿಎಸ್‌ಗೆ ಎರಡು ಸಾವಿರ ಸಾಕು ಅನ್ನುವವರು ನಮ್ಮೂರಲ್ಲಿ ಬೇಕಾದಷ್ಟಿದ್ದಾರೆ. ರೆಂಡರ್ ಶುರುವಾದ ಗಳಿಗೆಯಲ್ಲೇ ಕಾರ್ಡು ಒಮ್ಮೆಗೇ ಹೆಚ್ಚು ಕರೆಂಟ್ ಎಳೆಯುತ್ತದೆ, ಸಿಸ್ಟಮ್ ಆಫ್ ಆಗುತ್ತದೆ. ಮೇಲೆ ನಮ್ಮ ಬೇಸಿಗೆ, ನಮ್ಮ ರಸ್ತೆಯ ಧೂಳು. ಬಿ.ಎಚ್. ರೋಡಿಗೆ ಮುಖ ಮಾಡಿದ ಅಂಗಡಿಯಲ್ಲಿ ಕ್ಯಾಬಿನೆಟ್ ಬಿಚ್ಚಿ ನೋಡಿ, ಕಾರ್ಡಿನ ಫ್ಯಾನ್ ಹಿಂದೆ ಕಂಬಳಿ ಹೊದಿಸಿದಷ್ಟು ಧೂಳಿರುತ್ತದೆ. ಅದಕ್ಕೆ ಹೊಸ ಡ್ರೈವರ್ ಏನು ಮಾಡೀತು? ಬ್ಲೋವರ್ ಬೇಕು.

ನಗಬೇಡಿ, ಇನ್ನೊಂದು ಹೇಳುತ್ತೇನೆ. 'ಕಾರ್ಡ್ ಕೆಲಸವೇ ಮಾಡ್ತಿಲ್ಲ, ಡ್ರೈವರ್ ಹಾಕಿಕೊಡಿ' ಅಂತ ಬಂದರೆ ನಾನು ಮೊದಲು ನೋಡುವುದು ಮಾನಿಟರ್ ಕೇಬಲ್ ಎಲ್ಲಿ ಚುಚ್ಚಿದೆ ಅಂತ. ಎಚ್‌ಡಿಎಂಐ ಕೇಬಲ್ಲನ್ನು ಕಾರ್ಡಿಗೆ ಹಾಕುವ ಬದಲು ಮೇಲಿನ ಮದರ್‌ಬೋರ್ಡ್ ತೂತಿಗೆ ಹಾಕಿರುತ್ತಾರೆ. ಆಯುಧಪೂಜೆಗೆ ಸಿಸ್ಟಮ್ ಒರೆಸಿ ಜೋಡಿಸಿದ ಮಾರನೆಯ ದಿನ ಇಂಥವು ಜಾಸ್ತಿ.

ಸೆಕೆಂಡ್ ಹ್ಯಾಂಡ್ ಕಾರ್ಡ್ ತಂದವರ ಕಥೆ ಬೇರೆ. ಎರಡು ಬಗೆ ಇದೆ. ಒಂದು, ಕ್ರಿಪ್ಟೊ ಮೈನಿಂಗಿಗೆ, ಅಂದರೆ ಡಿಜಿಟಲ್ ನಾಣ್ಯ ಗಳಿಸುವ ಲೆಕ್ಕಾಚಾರಕ್ಕೆ, ದುಡಿದು ಬಂದ ಕಾರ್ಡ್, ಅದರಲ್ಲೂ ಎನ್ವಿಡಿಯಾದ ಎದುರಾಳಿ ಎಎಂಡಿಯ ಆರ್‌ಎಕ್ಸ್ 580 ಥರದ್ದು. ಮೈನಿಂಗಿನವರು ಕಾರ್ಡಿನ ಬಯೋಸ್ ತಿದ್ದಿರುತ್ತಾರೆ. ಎಎಂಡಿಯ ಅಧಿಕೃತ ಡ್ರೈವರ್ ತಿದ್ದಿದ ಬಯೋಸನ್ನು ಒಪ್ಪುವುದಿಲ್ಲ, ಸಿಸ್ಟಮಿನ ಭಾಗಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತು ಬರುತ್ತದೆ. ಮೂಲ ಬಯೋಸ್ ಬರೆದರೆ ಸರಿಯಾಗುವುದುಂಟು. ಎರಡನೆಯದು ಮೋಸದ್ದು. ಹತ್ತು ವರ್ಷಕ್ಕೂ ಹಿಂದಿನ ಚಿಪ್ಪಿಗೆ ಹೊಸ ಹೆಸರು ಬರೆದು ಜಿಟಿಎಕ್ಸ್ 1050 ಟಿಐ ಎಂದು ಮಾರುತ್ತಾರೆ. ಜೊತೆಗೆ ಒಂದು ಸಿ.ಡಿ. ಕೊಟ್ಟು, "ಇದರಲ್ಲಿರೋ ಡ್ರೈವರೇ ಹಾಕಿ, ಅಪ್‌ಡೇಟ್ ಮಾಡಬೇಡಿ" ಅನ್ನುತ್ತಾರೆ. ಅಪ್‌ಡೇಟ್ ಮಾಡಬೇಡಿ ಎಂದು ಮಾರುವವನೇ ಹೇಳಿದರೆ ಅಲ್ಲೇ ಬಿಟ್ಟು ಬನ್ನಿ. ಎನ್ವಿಡಿಯಾದ ಸೈಟಿನಿಂದ ಇಳಿಸಿದ ಡ್ರೈವರ್ ಕಾರ್ಡನ್ನು ಗುರುತಿಸುತ್ತದೋ ಇಲ್ಲವೋ ಅನ್ನುವುದೇ ಅಸಲಿ ಪರೀಕ್ಷೆ. ದುಡ್ಡು ಕೊಡುವ ಮುಂಚೆ ಅಂಗಡಿಯಲ್ಲೇ ಮಾಡಿಸಿ.

ಈಗ ನಿಜವಾದ ಪ್ರಶ್ನೆಗೆ ಬರೋಣ. ಯಾವಾಗ ಅಪ್‌ಡೇಟ್ ಮಾಡಬೇಕು?

ಹೊಸ ಡ್ರೈವರ್ ಬಂದ ದಿನವೇ ಹಾಕಬೇಕು ಅನ್ನುವವರಿಗೆ ಸ್ವಲ್ಪ ಚರಿತ್ರೆ ಹೇಳುತ್ತೇನೆ. 2010ರ ಮಾರ್ಚಿನಲ್ಲಿ ಎನ್ವಿಡಿಯಾ 196.75 ಎಂಬ ಡ್ರೈವರ್ ಬಿಟ್ಟಿತು. ಅದನ್ನು ಹಾಕಿಕೊಂಡ ಕೆಲವರ ಕಾರ್ಡಿನ ಫ್ಯಾನ್ ವೇಗ ಸರಿಯಾಗಿ ಏರದೆ ಕಾರ್ಡ್ ಕಾದುಹೋಯಿತು. ಹಾಕಬೇಡಿ ಎಂದು ಗೇಮ್ ಕಂಪನಿ ಬ್ಲಿಝರ್ಡ್ ತನ್ನ ಆಟಗಾರರಿಗೆ ಎಚ್ಚರಿಕೆ ಕೊಟ್ಟಿತು, ಎನ್ವಿಡಿಯಾ ಅದನ್ನು ಹಿಂತೆಗೆದುಕೊಂಡಿತು. ಎಎಂಡಿಯೇನು ಕಡಿಮೆಯಲ್ಲ. 2015ರ ನವೆಂಬರಿನಲ್ಲಿ ಕ್ರಿಮ್ಸನ್ ಹೆಸರಿನಲ್ಲಿ ಹೊಸ ಡ್ರೈವರ್ ತಂದಾಗ ಕೆಲವು ಕಾರ್ಡುಗಳಲ್ಲಿ ಫ್ಯಾನ್ ಶೇ 20ರಲ್ಲೇ ನಿಂತುಬಿಡುತ್ತಿತ್ತು. ಕೆಲವೇ ದಿನಗಳಲ್ಲಿ ತಿದ್ದಿದ್ದು ಬಂತು. 2023ರ ಅಕ್ಟೋಬರಿನದು ಇನ್ನೂ ತಮಾಷೆ. ಆಟದಲ್ಲಿ ಕೈ ಒತ್ತಿದ್ದಕ್ಕೂ ತೆರೆಯ ಮೇಲೆ ಕಾಣುವುದಕ್ಕೂ ನಡುವಿನ ತಡ ಕಡಿಮೆ ಮಾಡುವ ಸೌಲಭ್ಯವನ್ನು ಎಎಂಡಿ ಡ್ರೈವರಿನಲ್ಲೇ ಕೊಟ್ಟಿತು. ಅದು ಆಟದ ಒಳಗಿನ ಕಡತಕ್ಕೆ ಕೈಹಾಕುತ್ತಿತ್ತು. ಕೌಂಟರ್-ಸ್ಟ್ರೈಕ್ 2ರ ಕಳ್ಳಾಟ ಹಿಡಿಯುವ ವ್ಯವಸ್ಥೆ ಇದನ್ನು ಮೋಸ ಎಂದು ತಿಳಿದು ಆಟಗಾರರನ್ನೇ ಹೊರಹಾಕಿತು! ಡ್ರೈವರ್ ಹಾಕಿದ್ದೇ ಅವರ ಅಪರಾಧ. 2025ರ ಏಪ್ರಿಲ್‌ನಲ್ಲಿ ಎನ್ವಿಡಿಯಾದ 576.02 ಬಂತು. ಅದಕ್ಕೂ ಹಿಂದಿನ ತಿಂಗಳುಗಳಲ್ಲಿ ಆರ್‌ಟಿಎಕ್ಸ್ 50 ಸರಣಿಯವರನ್ನು ಕಾಡಿದ್ದ ಕಪ್ಪು ಸ್ಕ್ರೀನಿನಂಥ ಎಷ್ಟೋ ತೊಂದರೆಗಳನ್ನು ಅದು ಸರಿಮಾಡಿತು. ಆದರೆ ಸಿಸ್ಟಮ್ ಸ್ಲೀಪಿಗೆ ಹೋಗಿ ಎದ್ದ ಮೇಲೆ ಕಾರ್ಡಿನ ಬಿಸಿ ಎಷ್ಟೆಂದು ತೋರಿಸುವುದನ್ನೇ ನಿಲ್ಲಿಸಿತು. ಅದಕ್ಕೆ 576.15 ಎಂಬ ಇನ್ನೊಂದು ತುರ್ತು ತಿದ್ದುಪಡಿ ಬಂತು.

ಗಮನಿಸಿದಿರಾ, ಇವುಗಳಲ್ಲಿ ಹೆಚ್ಚಿನವಕ್ಕೆ ಬೇಗ ಪರಿಹಾರ ಬಂದಿದೆ. ಪೆಟ್ಟು ತಿಂದವರು ಮೊದಲ ದಿನಗಳಲ್ಲಿ ಹಾಕಿಕೊಂಡವರು. ಹೊಸ ಬೋರ್‌ವೆಲ್ಲಿನ ಮೊದಲ ಕೆಂಪು ನೀರನ್ನು ನಾವು ಯಾರೂ ಸಂಪಿನೊಳಗೆ ಬಿಡುವುದಿಲ್ಲ, ಹರಿದುಹೋಗಲಿ ಅನ್ನುತ್ತೇವೆ. ಡ್ರೈವರಿಗೂ ಎರಡು ವಾರ ಹರಿಯಲು ಬಿಡಿ.

ಎರಡು ವಾರ ಆಯಿತು, ಈಗ ಹಾಕಬಹುದಾ? ಇಲ್ಲ, ಈಗ ಓದಬಹುದು. ಎನ್ವಿಡಿಯಾ, ಎಎಂಡಿ, ಇಂಟೆಲ್ ಮೂರೂ ಕಂಪನಿಗಳು ಪ್ರತಿ ಡ್ರೈವರಿನ ಜೊತೆ ಒಂದು ಟಿಪ್ಪಣಿ ಕೊಡುತ್ತವೆ. ಏನು ಸರಿಮಾಡಿದ್ದೇವೆ ಎಂದು ಒಂದು ಪಟ್ಟಿ, ಏನು ಇನ್ನೂ ಸರಿಯಾಗಿಲ್ಲ ಎಂದು ಇನ್ನೊಂದು. ಎಲ್ಲರೂ ಮೊದಲ ಪಟ್ಟಿ ಓದುತ್ತಾರೆ, ನೀವು ಎರಡನೆಯದನ್ನೂ ಓದಿ. ಅದರಲ್ಲಿ ನಿಮ್ಮ ಎಡಿಟಿಂಗ್ ಸಾಫ್ಟ್‌ವೇರ್ ಹೆಸರಿದ್ದರೆ ಆ ಡ್ರೈವರನ್ನು ಬಿಟ್ಟುಬಿಡಿ, ಮುಂದಿನದು ಬರುತ್ತದೆ. ಇಂಗ್ಲಿಷ್ ಕಷ್ಟ ಅನ್ನುವವರು ಪುಟ ತೆರೆದು ಸಾಫ್ಟ್‌ವೇರ್ ಹೆಸರನ್ನಷ್ಟೇ ಹುಡುಕಿದರೂ ಸಾಕು.

ಮೊದಲ ಪಟ್ಟಿಯಲ್ಲಿ ನಿಮ್ಮ ತೊಂದರೆಯೇ ಇದೆ ಅನ್ನಿ, ಆಗ ಹಾಕಿ. ಹೊಸ ಕಾರ್ಡ್ ತಂದಿದ್ದೀರಿ, ಅದನ್ನು ಹಳೆಯ ಡ್ರೈವರ್ ಗುರುತಿಸುವುದೇ ಇಲ್ಲ, ಹಾಕಲೇಬೇಕು. ರಿಸಾಲ್ವ್ ಆಗಲಿ 3ಡಿ ಚಿತ್ರ ಮಾಡುವ ಬ್ಲೆಂಡರ್ ಆಗಲಿ ಹೊಸ ಆವೃತ್ತಿ ಕನಿಷ್ಠ ಇಂಥ ಡ್ರೈವರ್ ಬೇಕು ಎನ್ನುತ್ತದೆ, ಆಗಲೂ ಹಾಕಬೇಕು. ಇನ್ನೊಂದು ಕಾರಣವನ್ನು ನಮ್ಮವರು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ: ಭದ್ರತೆ. ಡ್ರೈವರ್ ಕರ್ನಲ್ ಒಳಗಿದೆ ಅಂದೆನಲ್ಲ, ಅದರಲ್ಲಿ ತೂತು ಸಿಕ್ಕರೆ ಕಳ್ಳನಿಗೂ ಒಳಗೇ ಜಾಗ ಸಿಗುತ್ತದೆ. ಎನ್ವಿಡಿಯಾ ವರ್ಷಕ್ಕೆ ಹಲವು ಸಲ ಭದ್ರತಾ ಪ್ರಕಟಣೆ ಹೊರಡಿಸುತ್ತದೆ. ಆದ್ದರಿಂದ 'ಓಡ್ತಿದೆಯಲ್ಲ, ಮುಟ್ಟೋದೇ ಬೇಡ' ಎಂದು ಮೂರು ನಾಲ್ಕು ವರ್ಷ ಅದೇ ಡ್ರೈವರ್ ಇಟ್ಟುಕೊಳ್ಳುವವರನ್ನೂ ನಾನು ಮೆಚ್ಚುವುದಿಲ್ಲ. ಅದೇ ಸಿಸ್ಟಮಿನಲ್ಲಿ ಗಿರಾಕಿಯ ಪೆನ್‌ಡ್ರೈವ್ ಚುಚ್ಚುತ್ತೀರಿ, ಬ್ಯಾಂಕ್ ವ್ಯವಹಾರವನ್ನೂ ಮಾಡುತ್ತೀರಿ.

ಭದ್ರತೆ ಅಂದಾಗ ನೆನಪಾಯಿತು. ಡ್ರೈವರನ್ನು ಕಂಪನಿಯ ಸ್ವಂತ ಸೈಟಿನಿಂದ ಮಾತ್ರ ಇಳಿಸಿ. 2022ರಲ್ಲಿ ಲ್ಯಾಪ್ಸಸ್ ಎಂಬ ಗುಂಪು ಎನ್ವಿಡಿಯಾದ ಒಳಗೆ ನುಗ್ಗಿ, ಡ್ರೈವರಿಗೆ ಸಹಿ ಹಾಕುವ ಡಿಜಿಟಲ್ ಪ್ರಮಾಣಪತ್ರಗಳನ್ನೇ ಕದ್ದು ಬಯಲಿಗಿಟ್ಟಿತು. ಆಮೇಲೆ ಎನ್ವಿಡಿಯಾ ಸಹಿ ಇರುವ ವೈರಸ್‌ಗಳು ಸಿಕ್ಕವು. ಎಲ್ಲ ಡ್ರೈವರನ್ನೂ ತಾನೇ ಹುಡುಕಿ ಹಾಕುತ್ತೇನೆ ಅನ್ನುವ ಸಾಫ್ಟ್‌ವೇರುಗಳಿವೆಯಲ್ಲ, ಅವುಗಳ ಸಹವಾಸವೇ ಬೇಡ. ಅವು ಇರುವ ಸಿಸ್ಟಮ್ ನನ್ನ ಕೈಗೆ ಬಂದರೆ ಮೊದಲು ಅವನ್ನು ತೆಗೆಯುತ್ತೇನೆ, ಮಿಕ್ಕ ಮಾತು ಆಮೇಲೆ.

ಎನ್ವಿಡಿಯಾದವರು ಎರಡು ಬಗೆಯ ಡ್ರೈವರ್ ಕೊಡುತ್ತಾರೆ: ಗೇಮ್ ರೆಡಿ ಮತ್ತು 2019ರಿಂದ ಬರುತ್ತಿರುವ ಸ್ಟುಡಿಯೊ. ಒಳಗಿನ ಸರಕು ಬಹುಮಟ್ಟಿಗೆ ಒಂದೇ. ಗೇಮ್ ರೆಡಿ ಹೊಸ ಗೇಮ್ ಬಿಡುಗಡೆಯಾದಾಗಲೆಲ್ಲ ಬರುತ್ತದೆ, ಸ್ಟುಡಿಯೊ ಅಪರೂಪಕ್ಕೆ, ಅಡೋಬಿ, ರಿಸಾಲ್ವ್ ಮುಂತಾದವುಗಳ ಮೇಲೆ ಪರೀಕ್ಷೆಯಾಗಿ ಬರುತ್ತದೆ. ಸ್ಟುಡಿಯೊ ಹಾಕಿದರೆ ಗೇಮ್ ಓಡುವುದಿಲ್ಲ ಎನ್ನುವುದು ಸುಳ್ಳು. ಹಿಂದಿನ ಸಾಲಿನಲ್ಲಿ ಕೂತಿರುವ ಕಾಲೇಜು ಹುಡುಗರು ಬಿಟ್ಟು ಮಿಕ್ಕವರೆಲ್ಲ ಸ್ಟುಡಿಯೊ ಹಾಕಿಕೊಳ್ಳಿ.

ಅಪ್‌ಡೇಟಿನಿಂದ ಆಗದ ಕೆಲಸವೊಂದನ್ನು ಹೇಳಲೇಬೇಕು, ಸ್ಟುಡಿಯೊದವರು ಎಲ್ಲರಿಗಿಂತ ಹೆಚ್ಚು ಕೇಳುವುದು ಇದನ್ನೇ. ಹೊಸ ಕ್ಯಾಮೆರಾ ತಂದಿರುತ್ತೀರಿ, ಬಣ್ಣದ ವಿವರ ಹೆಚ್ಚು ಹಿಡಿಯುವ 4:2:2 10 ಬಿಟ್‌ನಲ್ಲಿ ಶೂಟ್ ಮಾಡಿರುತ್ತೀರಿ, ಟೈಮ್‌ಲೈನಿನಲ್ಲಿ ಕ್ಲಿಪ್ ಜಗ್ಗಿಜಗ್ಗಿ ಓಡುತ್ತದೆ. ಡ್ರೈವರ್ ಹಳೆಯದಾಗಿರಬೇಕು ಎಂದು ಅಪ್‌ಡೇಟ್ ಮಾಡುತ್ತೀರಿ. ಏನೂ ಆಗುವುದಿಲ್ಲ. ಆ ಬಗೆಯ ವಿಡಿಯೊವನ್ನು ಬಿಡಿಸುವ ಸರ್ಕ್ಯೂಟ್ ಚಿಪ್ಪಿನಲ್ಲೇ ಇರಬೇಕು. ಆರ್‌ಟಿಎಕ್ಸ್ 30, 40 ಸರಣಿಯ ಕಾರ್ಡುಗಳಲ್ಲಿ ಅದು ಇಲ್ಲ, 50 ಸರಣಿಯಲ್ಲಿ ಬಂದಿದೆ. ಆದರೆ ಇಂಟೆಲ್ 11ನೇ ಪೀಳಿಗೆಯಿಂದೀಚಿನ ಪ್ರೊಸೆಸರಿನ ಒಳಗಿನ ಗ್ರಾಫಿಕ್ಸ್‌ನಲ್ಲಿ ಎಚ್.265 ರೂಪದ 4:2:2ಗೆ ಅದು ಇದೆ. ಎಷ್ಟೋ ಜನ ಕಾರ್ಡ್ ಹಾಕಿದ ಮೇಲೆ ಅದನ್ನು ಬಯೋಸಿನಲ್ಲಿ ಆಫ್ ಮಾಡಿರುತ್ತಾರೆ. ಅದನ್ನು ಆನ್ ಮಾಡಿ, ಇಂಟೆಲ್ ಡ್ರೈವರ್ ಹಾಕಿ, ಸಾಫ್ಟ್‌ವೇರಿನಲ್ಲಿ ಆಯ್ಕೆ ಮಾಡಿ ನೋಡಿ. ಪೈಸೆ ಖರ್ಚಿಲ್ಲದೆ ಕ್ಲಿಪ್ ಓಡೀತು. ಪ್ರೊಸೆಸರ್ ಹೆಸರಿನ ಕೊನೆಗೆ ಎಫ್ ಇದ್ದರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲ, ಪ್ರಾಕ್ಸಿ, ಅಂದರೆ ಕ್ಲಿಪ್ಪಿನ ಹಗುರ ನಕಲು, ಮಾಡಿಕೊಂಡೇ ಎಡಿಟ್ ಮಾಡಬೇಕು.

ಇನ್ನು ಆಷಾಢಕ್ಕೆ ಬರುತ್ತೇನೆ. ಮದುವೆ ಕೆಲಸ ಮಾಡುವವರಿಗೆ ವರ್ಷದಲ್ಲಿ ಬಿಡುವು ಸಿಗುವುದು ಆಷಾಢದಲ್ಲಿ, ಪಿತೃಪಕ್ಷದಲ್ಲಿ, ಧನುರ್ಮಾಸದಲ್ಲಿ. ಡ್ರೈವರ್, ವಿಂಡೋಸ್, ಸಾಫ್ಟ್‌ವೇರ್ ಆವೃತ್ತಿ ಎಲ್ಲವನ್ನೂ ಈ ಮೂರು ಕಾಲದಲ್ಲೇ ಮುಟ್ಟಿ. ಮೂರಕ್ಕೆ ಮೂರು ಮಾಡದಿದ್ದರೂ ಆಷಾಢವನ್ನು ತಪ್ಪಿಸಬೇಡಿ. ನಡುವೆ ಗಂಭೀರ ಭದ್ರತಾ ತಿದ್ದುಪಡಿ ಬಂದರೆ ಕೈಯಲ್ಲಿರುವ ಆಲ್ಬಮ್ ಪ್ರೆಸ್ಸಿಗೆ ಹೋದ ಮಾರನೆಯ ದಿನ ಹಾಕಿ. ಫ್ಲೆಕ್ಸ್ ಅಂಗಡಿಯವರ ಪಂಚಾಂಗವೇ ಬೇರೆ, ಗಣೇಶನ ಹಬ್ಬದಿಂದ ರಾಜ್ಯೋತ್ಸವದವರೆಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ, ಚುನಾವಣೆ ಬಂದರೆ ಕೇಳಲೇಬೇಡಿ. ನಿಮಗೆ ಯಾವಾಗ ಬಿಡುವು ಅಂತ ನಿಮಗೇ ಗೊತ್ತು. ಸೀಸನ್ ನಡೆಯುವಾಗ ವಿಂಡೋಸ್ ಅಪ್‌ಡೇಟನ್ನು ತಾತ್ಕಾಲಿಕವಾಗಿ ನಿಲ್ಲಿಸಿಡಿ, ಒಂದು ಸಲಕ್ಕೆ 5 ವಾರದವರೆಗೆ ತಡೆಯಬಹುದು. ವಿಂಡೋಸ್ ತಾನಾಗಿಯೇ ಗ್ರಾಫಿಕ್ಸ್ ಡ್ರೈವರ್ ತಂದು ನಿಮ್ಮದರ ಮೇಲೆ ಕೂರಿಸುವುದುಂಟು, ಲ್ಯಾಪ್‌ಟಾಪುಗಳಲ್ಲಿ ಇದು ಹೆಚ್ಚು.

ಮಾಡುವ ದಿನ ಏನು ಮಾಡಬೇಕು? ಮೊದಲು ಈಗ ಇರುವ ಡ್ರೈವರ್ ಯಾವುದೆಂದು ಬರೆದಿಟ್ಟುಕೊಳ್ಳಿ. ಡಿವೈಸ್ ಮ್ಯಾನೇಜರಿನಲ್ಲಿ 32.0.15.6094 ಎಂದು ಉದ್ದಕ್ಕೆ ತೋರಿಸಿದರೆ ಹೆದರಬೇಡಿ. ಎನ್ವಿಡಿಯಾದ್ದಾದರೆ ಕೊನೆಯ ಐದು ಅಂಕಿ ಹಿಡಿಯಿರಿ, 560.94 ಎಂದಾಯಿತು. ಆ ಆವೃತ್ತಿಯ ಇನ್‌ಸ್ಟಾಲರ್ ಕಡತವನ್ನು ಇಳಿಸಿ ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ. ಡಿವೈಸ್ ಮ್ಯಾನೇಜರಿನಲ್ಲಿ ರೋಲ್ ಬ್ಯಾಕ್ ಎಂಬ ಬಟನ್ ಇದೆ, ನಿಜ. ಆದರೆ ಅದು ಒಂದೇ ಹೆಜ್ಜೆ ಹಿಂದೆ ಹೋಗುತ್ತದೆ, ಎಷ್ಟೋ ಸಲ ಒತ್ತಲು ಬಾರದಂತೆ ಮಂಕಾಗಿರುತ್ತದೆ. ಪೆನ್‌ಡ್ರೈವಿನಲ್ಲಿರುವ ಕಡತ ನೆಟ್ ಇಲ್ಲದಿದ್ದರೂ ಕೆಲಸಕ್ಕೆ ಬರುತ್ತದೆ. ರಿಸಾಲ್ವ್ ಬಳಸುವವರು ಪ್ರಾಜೆಕ್ಟ್ ಲೈಬ್ರರಿಯ ಬ್ಯಾಕಪ್ ತೆಗೆಯದೆ ಆವೃತ್ತಿ ಬದಲಿಸಲೇಬೇಡಿ. ಹೊಸ ಆವೃತ್ತಿ ಲೈಬ್ರರಿಯನ್ನು ತನ್ನ ರೂಪಕ್ಕೆ ತಿರುಗಿಸಿಕೊಂಡ ಮೇಲೆ ಹಳೆಯದು ಅದನ್ನು ತೆರೆಯುವುದಿಲ್ಲ.

ಸಾಮಾನ್ಯವಾಗಿ ಹೊಸದನ್ನು ಹಳೆಯದರ ಮೇಲೇ ಹಾಕಿದರೆ ಸಾಕು. ಎನ್ವಿಡಿಯಾ ಇನ್‌ಸ್ಟಾಲರಿನಲ್ಲಿ ಕ್ಲೀನ್ ಇನ್‌ಸ್ಟಾಲೇಶನ್ ಎಂಬ ಆಯ್ಕೆ ಇದೆ, ತಕರಾರು ಇದ್ದರೆ ಅದಕ್ಕೆ ಟಿಕ್ ಹಾಕಿ. ಡಿಡಿಯು ಎಂಬ ಪ್ರೋಗ್ರಾಂ ಕೇಳಿರುತ್ತೀರಿ, ಹಳೆಯ ಡ್ರೈವರನ್ನು ಬೇರುಸಹಿತ ಕಿತ್ತುಹಾಕುತ್ತದೆ. ಎಎಂಡಿಯಿಂದ ಎನ್ವಿಡಿಯಾಗೆ ಹೋಗುವಾಗ, ಬೇರೆ ಯಾವುದಕ್ಕೂ ಜಗ್ಗದ ತೊಂದರೆ ಇದ್ದಾಗ ಅದು ಬೇಕು. ತಿಂಗಳಿಗೊಮ್ಮೆ ಬಳಸುವ ವಸ್ತುವಲ್ಲ. ಬಳಸಿದರೆ ನೆಟ್ ಕೇಬಲ್ ಕಿತ್ತು, ವೈಫೈ ಆಫ್ ಮಾಡಿ, ಸೇಫ್ ಮೋಡಿನಲ್ಲಿ, ಅಂದರೆ ವಿಂಡೋಸ್ ಅಗತ್ಯದ್ದನ್ನಷ್ಟೇ ಓಡಿಸುವ ಸ್ಥಿತಿಯಲ್ಲಿ, ಬಳಸಿ. ನೆಟ್ ಇದ್ದರೆ ನೀವು ಕೀಳುವುದರೊಳಗೆ ವಿಂಡೋಸ್ ಇನ್ನೊಂದನ್ನು ತಂದಿಟ್ಟಿರುತ್ತದೆ. ವಿಂಡೋಸ್ 11 ಲ್ಯಾಪ್‌ಟಾಪಿನವರಿಗೆ ಒಂದು ಎಚ್ಚರಿಕೆ: ಸೇಫ್ ಮೋಡಿಗೆ ಹೋಗುವಾಗ ಅದು ಬಿಟ್‌ಲಾಕರ್ ಎಂಬ ಡಿಸ್ಕ್ ಬೀಗದ ಕೀ ಕೇಳಬಹುದು. 48 ಅಂಕಿಯ ಆ ಕೀ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಇಲ್ಲದಿದ್ದರೆ ಡ್ರೈವರ್ ಸರಿಮಾಡಲು ಹೋಗಿ ಡೇಟಾ ಕಳೆದುಕೊಳ್ಳುತ್ತೀರಿ.

ಹಾಕಿದ ಮೇಲೆ ಹೊಸ ಕೆಲಸದ ಮೇಲೆ ಪರೀಕ್ಷೆ ಮಾಡಬೇಡಿ. ಹಿಂದೆ ಡೆಲಿವರಿ ಕೊಟ್ಟು ಮುಗಿದ ಮದುವೆಯೊಂದನ್ನು ತೆರೆದು ಪೂರ್ತಿ ಎಕ್ಸ್‌ಪೋರ್ಟ್ ಮಾಡಿ, ತೆಗೆದುಕೊಂಡ ಸಮಯವನ್ನು ಹಿಂದಿನದಕ್ಕೆ ಹೋಲಿಸಿ, ಒಮ್ಮೆ ಸ್ಲೀಪಿಗೆ ಹಾಕಿ ಎಬ್ಬಿಸಿ. ಗೇಮ್ ಆಡುವವರಿಗೆ ಮೊದಲ ಸಲ ಸ್ವಲ್ಪ ಜಗ್ಗಿದಂತೆ ಕಾಣಬಹುದು. ಡ್ರೈವರ್ ಬದಲಾದರೆ ಗೇಮಿನ ಚಿತ್ರಕ್ಕೆ ಮೊದಲೇ ತಯಾರಿಸಿಟ್ಟುಕೊಳ್ಳುವ ಶೇಡರ್ ಕ್ಯಾಶ್ ಮತ್ತೆ ಕಟ್ಟಬೇಕು, ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ. ಅಷ್ಟಕ್ಕೇ ಡ್ರೈವರ್ ಕೆಟ್ಟದ್ದು ಎಂದು ತೀರ್ಮಾನಿಸಬೇಡಿ.

ಕೊನೆಗೆ ಒಬ್ಬರು ಎದ್ದು ಕೇಳಿದ ಪ್ರಶ್ನೆ: "ನಂದು 1050 ಟಿಐ ಸಾರ್, ವಿಂಡೋಸ್ 10. ಇದಕ್ಕೆ ಆಷಾಢ ಯಾವುದು?" ಒಳ್ಳೆಯ ಪ್ರಶ್ನೆ, ತುಮಕೂರಿನ ಅರ್ಧ ಸ್ಟುಡಿಯೊಗಳು ಆ ಥರದ ಕಾರ್ಡಿನ ಮೇಲೇ ನಿಂತಿವೆ. ನಿಮ್ಮದೂ ಸೇರಿ 900 ಮತ್ತು 1000 ಸರಣಿಯ ಕಾರ್ಡುಗಳಿಗೆ ಮಾಮೂಲಿ ಡ್ರೈವರ್ 2025ರ ಅಕ್ಟೋಬರಿಗೆ ಕೊನೆ, ಆಮೇಲೆ 2028ರ ಅಕ್ಟೋಬರ್‌ವರೆಗೆ ಮೂರು ತಿಂಗಳಿಗೊಮ್ಮೆ ಭದ್ರತಾ ತಿದ್ದುಪಡಿ ಮಾತ್ರ ಎಂದು ಎನ್ವಿಡಿಯಾ ಹೇಳಿದೆ. 750 ಟಿಐ ಕೂಡ ಇದೇ ಗುಂಪಿಗೆ ಸೇರುತ್ತದೆ, 1650 ಸೇರುವುದಿಲ್ಲ. ವಿಂಡೋಸ್ 10ರ ಮಾಮೂಲಿ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೇ ಮುಗಿಸಿದೆ. ಡಿಟಿಪಿ ಅಂಗಡಿಗಳಲ್ಲಿ ಇನ್ನೂ ಕಾಣುವ ಜಿಟಿ 710 ಪೀಳಿಗೆಗೆ ಭದ್ರತಾ ತಿದ್ದುಪಡಿಯೂ 2024ರಲ್ಲೇ ನಿಂತಿದೆ. ಆ ಕಾರ್ಡನ್ನು ತೆಗೆದಿಡಿ, ಹೊಸ ಪ್ರೊಸೆಸರಿನ ಒಳಗಿರುವ ಗ್ರಾಫಿಕ್ಸೇ ಅದಕ್ಕಿಂತ ವಾಸಿ.

1050 ಟಿಐ ಎಸೆಯಬೇಕಿಲ್ಲ. ಈಗ ಸರಿಯಾಗಿ ಓಡುತ್ತಿರುವ ಎಡಿಟಿಂಗ್ ಸಾಫ್ಟ್‌ವೇರ್ ಆವೃತ್ತಿಯನ್ನೂ ಅದಕ್ಕೆ ಹೊಂದುವ ಡ್ರೈವರನ್ನೂ ಜೋಡಿಯಾಗಿ ಪೆನ್‌ಡ್ರೈವಿನಲ್ಲಿ ಎತ್ತಿಡಿ. ಸಾಫ್ಟ್‌ವೇರಿನ ಹೊಸ ಆವೃತ್ತಿ ಹಳೆಯ ಕಾರ್ಡನ್ನು ಬಿಟ್ಟುಬಿಡುವ ದಿನ ಬರುತ್ತದೆ, ಆಗ ಆವೃತ್ತಿ ಏರಿಸಲು ಹೋಗಬೇಡಿ. ಮೂರು ತಿಂಗಳಿಗೊಮ್ಮೆ ಬರುವ ಭದ್ರತಾ ಡ್ರೈವರನ್ನು ಮೇಲೆ ಹೇಳಿದ ಹಾಗೆ ಬಿಡುವಿನಲ್ಲಿ ಹಾಕಿ. ಬ್ಯಾಂಕು, ಇಮೇಲು, ಗಿರಾಕಿಯ ಪೆನ್‌ಡ್ರೈವು ಎಲ್ಲಕ್ಕೂ ಬೇರೆ ಸಿಸ್ಟಮ್ ಬಳಸಿ, ಇದಕ್ಕೆ ಎಡಿಟಿಂಗ್ ಬಿಟ್ಟು ಇನ್ನೊಂದು ಕೆಲಸ ಕೊಡಬೇಡಿ, ನೆಟ್ ಕೇಬಲ್ ಡ್ರೈವರ್ ಇಳಿಸುವ ದಿನ ಮಾತ್ರ ಚುಚ್ಚಿ.